ಹೊಗೆ ಕುಡಿದ ರಾಗಿ ಸರಿ

ನಮ್ಮ ಎರಡನೆಯವಳಿಗೆ ಆರು ತಿಂಗಳು ತುಂಬಿದ್ದು ಜುಲೈಯಲ್ಲಿ. ಬೇರೆ ಊರಿನವರಿಗೆ ಇದರಲ್ಲೇನು ವಿಶೇಷ ಅನ್ನಿಸಬಹುದು. ಕೊಡಗಿನಲ್ಲಿ ಜುಲೈ ಅಂದರೆ ಹಗ್ಗದ ಮೇಲಿನ ಬಟ್ಟೆಗೇ ಪಾಚಿ ಹಿಡಿಯುವ ತಿಂಗಳು. ಮಡಿಕೇರಿಗೆ ವರ್ಷಕ್ಕೆ 3,000 ಮಿಲಿಮೀಟರಿಗೂ ಮೇಲೆ ಬೀಳುವ ಮಳೆಯಲ್ಲಿ ದೊಡ್ಡ ಪಾಲು ಆ ದಿನಗಳದ್ದೇ. ಇಂಥ ಹೊತ್ತಲ್ಲಿ ಡಾಕ್ಟರು, "ಎದೆಹಾಲು ಬಿಡಿಸಬೇಡಿ, ಎರಡು ವರ್ಷದವರೆಗೂ ಇರಲಿ, ಅದರ ಜೊತೆ ಊಟ ಶುರುಮಾಡಿ" ಅಂದರು. ಅಂದು ಮುಂದಿನ ಮಗುವನ್ನು ಕರೆದರು. ಉಳಿದ ಯುದ್ಧ ನಮ್ಮ ಮನೆಯಲ್ಲಿ ನಡೆಯಿತು.

ನನ್ನ ತವರು ಪಿರಿಯಾಪಟ್ಟಣದ ಕಡೆ, ರಾಗಿ ಸೀಮೆ. ಗಂಡನ ಮನೆ ಮೂರ್ನಾಡಿನ ಹತ್ತಿರ, ಗದ್ದೆ ಸೀಮೆ. ನಡುವೆ ಬಸ್ಸಿನಲ್ಲಿ ಎರಡು ಗಂಟೆಯ ದಾರಿಯಾದರೂ ಹೊಟ್ಟೆಯ ಲೆಕ್ಕಕ್ಕೆ ಅವು ಎರಡು ದೇಶ. ಅವ್ವ ಫೋನಿನಲ್ಲಿ "ರಾಗಿ ಸರಿ ಮಾಡಿ ತಿನ್ಸು ಕಣವ್ವ" ಅಂದರು. ಅತ್ತೆಗೆ ಆ ಸರಿ ಸರಿಬರಲಿಲ್ಲ. "ಗದ್ದೆ ಇರುವ ಮನೆಯ ಮಗುವಿಗೆ ರಾಗಿಯಾ? ನಿನ್ನ ಗಂಡ ಎಂತ ತಿಂದು ಇಷ್ಟುದ್ದ ಬೆಳೆದ ಗೊತ್ತುಂಟಾ? ಗಂಜಿ ತಿಳಿ!" ನಾನು ಗಂಡನನ್ನು ಮೇಲಿಂದ ಕೆಳಗೆ ನೋಡಿದೆ. ಐದಡಿ ನಾಲ್ಕಂಗುಲ. ಮಾತು ಬೆಳೆಸಲಿಲ್ಲ.

ಗಂಜಿ ತಿಳಿಯನ್ನು ನಾನೂ ದೂರುವವಳಲ್ಲ, ಜ್ವರ ಬಂದಾಗ ಅದೇ ಅಮೃತ. ಆದರೆ ಆ ಪುಟ್ಟ ಹೊಟ್ಟೆಯನ್ನು ನೀರಿನಲ್ಲೇ ತುಂಬಿಸಿದರೆ ಊಟಕ್ಕೆ ಜಾಗ ಎಲ್ಲಿ? ಚಮಚ ಓರೆ ಮಾಡಿದರೆ ಊಟ ಹರಿದು ಹೋಗಬಾರದು, ಮೆಲ್ಲಗೆ ಜಾರಬೇಕು. ಹಾಗಂತ ಹಿಟ್ಟು ಜಾಸ್ತಿ ಹಾಕಿದರೆ ಗೋಡೆಗೆ ಪೋಸ್ಟರ್ ಅಂಟಿಸುವ ಗೋಂದಾಗುತ್ತದೆ. ಇದಕ್ಕೆ ಅವ್ವನ ಕಡೆಯವರ ಉಪಾಯ ಮೊಳಕೆ. ಮೊಳಕೆಯೊಡೆದ ಕಾಳಿನಲ್ಲಿ ಹುಟ್ಟುವ ಕಿಣ್ವ ಪಿಷ್ಟವನ್ನು ಸಡಿಲ ಮಾಡುತ್ತದೆ. ಅಷ್ಟೇ ನೀರಿಗೆ ಹೆಚ್ಚು ಹಿಟ್ಟು ಹಾಕಿದರೂ ಸರಿ ತೆಳ್ಳಗೇ ಇರುತ್ತದೆ. ಮೈಸೂರಿನ ಸಿಎಫ್‌ಟಿಆರ್‌ಐ ವಿಜ್ಞಾನಿಗಳು ಇದನ್ನು ಅಳೆದು ತೂಗಿ ಬರೆದಿಟ್ಟಿದ್ದಾರೆ. ಅವ್ವ ಹಳೇ ಪಂಚೆಯಲ್ಲಿ ರಾಗಿ ಕಟ್ಟಿ ಗೂಟಕ್ಕೆ ನೇತುಹಾಕುತ್ತಾರೆ, ಅಷ್ಟೇ. ಮೇಲಾಗಿ 100 ಗ್ರಾಂ ರಾಗಿಯಲ್ಲಿ 340 ಮಿಲಿಗ್ರಾಮಿನಷ್ಟು ಸುಣ್ಣದಂಶ ಉಂಟು, ಪಾಲಿಷ್ ಅಕ್ಕಿಯಲ್ಲಿ ಹತ್ತರ ಆಸುಪಾಸು. ಈ ಲೆಕ್ಕ ಹೇಳಿದ್ದಕ್ಕೆ ಅತ್ತೆ, "ಸುಣ್ಣ ಬೇಕಾದರೆ ಎಲೆಯಡಿಕೆ ಡಬ್ಬಿಯಲ್ಲುಂಟು" ಅಂದರು.

ಕಡೆಗೆ ನಾನೇ ನೆನೆಹಾಕಿದೆ, ಮೊಳಕೆ ಬರಿಸಿದೆ. ಮೊಳಕೆಯೇನೋ ಚೆಂದ ಬಂತು. ಒಣಗಿಸಲು ಬಿಸಿಲೆಲ್ಲಿ? ಮೂರನೇ ದಿನ ಮೊರದ ತುಂಬ ಬಿಳಿ ಬೂಷ್ಟು. ಬೂಷ್ಟು ಹಿಡಿದದ್ದು ಮಗುವಿಗಿರಲಿ, ಕೋಳಿಗೂ ಬೇಡವೆಂದು ಗೊಬ್ಬರದ ಗುಂಡಿಗೆ ಹಾಕಿದೆ. ಅತ್ತೆ ಮಾತಾಡಲಿಲ್ಲ. ಅವರು ಮಾತಾಡದಿದ್ದರೆ ನನಗೆ ಇನ್ನೂ ಉರಿ. ಆದರೆ ಎರಡನೇ ಸಲ ಮೊಳಕೆ ಬಂದಾಗ ಮೊರವನ್ನು ತಾವೇ ಎತ್ತಿಕೊಂಡು ಹೋಗಿ ಒಲೆಯ ಮೇಲಿನ ಅಟ್ಟಕ್ಕೆ ಏರಿಸಿದರು. ಎರಡೇ ದಿನಕ್ಕೆ ಗರಿಗರಿ! ಬೀಸಿ, ಬಟ್ಟೆಯಲ್ಲಿ ಶೋಧಿಸಿ, ಸರಿ ಕಾಸಿ ಮೂಗಿನ ಹತ್ತಿರ ತಂದೆ. ಹಂದಿ ಮಾಂಸದ ವಾಸನೆ. ಅದೇ ಅಟ್ಟದಲ್ಲಿ ಮಾವ ಮಳೆಗಾಲಕ್ಕೆಂದು ಹೊಗೆಗೆ ತೂಗುಹಾಕಿದ್ದ ತುಂಡುಗಳನ್ನು ನಾನು ಮರೆತಿದ್ದೆ. ಇನ್ನೇನು ಚೆಲ್ಲಬೇಕು, ಅಷ್ಟರಲ್ಲಿ ಮಗು ಬಟ್ಟಲಿಗೇ ಕೈಹಾಕಿ ನೆಕ್ಕಿತು. ಎರಡು ಚಮಚ ಸಾಕೆಂದು ಡಾಕ್ಟರು ಹೇಳಿದ್ದರು, ನಾಲ್ಕು ಹೋಯಿತು. "ನಮ್ಮ ಮನೆಯ ಮಗು ಅಲ್ವ" ಅಂದರು ಅತ್ತೆ. ಅಂದಿನಿಂದ ರಾಗಿ ನಮ್ಮ ಮನೆಯ ಬೆಳೆಯೇ ಆಗಿಹೋಯಿತು.

ಇನ್ನು ಉಪ್ಪು. ವರ್ಷದೊಳಗಿನ ಮಗುವಿಗೆ ಉಪ್ಪು, ಸಕ್ಕರೆ, ಬೆಲ್ಲ ಏನೂ ಬೇಡ. ಇದನ್ನು ಮಗು ಒಪ್ಪಿತು, ಮನೆಯವರು ಒಪ್ಪಲಿಲ್ಲ. ಬಟ್ಟಲು ದಾಟಿ ಹೋಗುವವರೆಲ್ಲ ಒಂದು ಬೆರಳು ಅದ್ದಿ, ಮುಖ ಹಿಂಡಿ, "ಪಾಪ!" ಅನ್ನುವವರೇ. ಗಂಡನಂತೂ ಜೈಲಿನ ಊಟ ನೋಡಿದವರ ಹಾಗೆ ನಿಟ್ಟುಸಿರುಬಿಟ್ಟರು. ನಾನು ಮಾಡಿದ್ದು ಇಷ್ಟೇ: ಎಲ್ಲರಿಗೂ ಬೇಯುವ ಬೇಳೆ, ಸಿಹಿಗುಂಬಳ, ಸೊಪ್ಪುಗಳಲ್ಲಿ ಉಪ್ಪು ಖಾರ ಬೀಳುವ ಮೊದಲೇ ಒಂದು ಸೌಟು ಎತ್ತಿಡುವುದು. ಕಡಂಬುಟ್ಟು ಹಬೆಯಿಂದ ಇಳಿದ ಕೂಡಲೇ ಒಂದು ಉಂಡೆಯ ಹೊಟ್ಟೆಯನ್ನು ಕಿವುಚಿ, ಆ ಬೇಳೆ ಬೆರೆಸಿ, ತುಪ್ಪ ಬಿಡುವುದು. ಹುಟ್ಟುವಾಗ ತಂದ ಕಬ್ಬಿಣದ ದಾಸ್ತಾನು ಆರು ತಿಂಗಳಿಗೆ ಮುಗಿಯುತ್ತಾ ಬರುವುದರಿಂದ ಚೆನ್ನಾಗಿ ಬೇಯಿಸಿ ನುಣ್ಣಗೆ ಅರೆದ ನಾಟಿ ಕೋಳಿಯೂ ಮೆಲ್ಲಗೆ ಸೇರಿತು. ಅಂಗನವಾಡಿಯಿಂದ ಬಂದ ಪುಷ್ಟಿ ಪುಡಿ ಮಾತ್ರ ಅತ್ತೆಯ ಕೈಯಲ್ಲಿ ಲಾಡಾಗಿ, ಮಾವನ ಸಂಜೆಯ ಕಾಫಿಗೆ ಜೊತೆಯಾಯಿತು. ಮಾವನಿಗೆ ಒಳ್ಳೆ ಪುಷ್ಟಿ ಬಂದಿದೆ.

ಡಬ್ಬಿ ಊಟದ ಮಾತೂ ಬಂತು. ಎರಡು ವರ್ಷದೊಳಗಿನ ಮಕ್ಕಳ ಆಹಾರಕ್ಕೆ ಜಾಹೀರಾತು ಕೊಡುವಂತಿಲ್ಲ ಎಂದು ನಮ್ಮ ದೇಶದಲ್ಲಿ 1992ರ ಕಾಯ್ದೆಯೇ ಇದೆ. ಅದು ಕಂಪನಿಗಳಿಗೆ, ಗಂಡನ ಚಿಕ್ಕಮ್ಮಂದಿರಿಗೆ ಅನ್ವಯಿಸುವುದಿಲ್ಲ. "ನಮ್ಮ ಮೊಮ್ಮಗ ಆ ಡಬ್ಬಿಯಲ್ಲೇ ಗುಂಡಾದದ್ದು" ಎಂದು ಮದುವೆ ಮನೆಯಲ್ಲಿ ಅವರು ಮಾಡುವ ಪ್ರಚಾರವನ್ನು ಯಾವ ಸರ್ಕಾರ ತಡೆದೀತು?

ಆಗಸ್ಟ್ 3, ಕೊಡವರ ಕಕ್ಕಡ ತಿಂಗಳ ಹದಿನೆಂಟು. ಮದ್ದು ಸೊಪ್ಪಿನಲ್ಲಿ ಹದಿನೆಂಟು ಔಷಧ ಸೇರುತ್ತದೆ ಅನ್ನುವ ದಿನ. ಚಿಕ್ಕವಳಿಗೂ ಒಂದು ಚಮಚ ಕೊಡಲು ಹೊರಟವರನ್ನು ತಡೆದೆ. ನಾಲ್ಕು ವರ್ಷದ ದೊಡ್ಡವನು ನೇರಳೆ ಬಣ್ಣದ ಮದ್ದು ಪಾಯಸವನ್ನು ಎರಡು ಬಟ್ಟಲು ಹೊಡೆದ. ಮೈಸೂರಿನಿಂದ ಬಂದಿದ್ದ ನನ್ನ ತಮ್ಮನೂ ತಿಂದ. ಬೆಳಿಗ್ಗೆ ಅಳಿಯನನ್ನು ಉಚ್ಚೆ ಹೊಯ್ಯಿಸಲು ಕರೆದುಕೊಂಡು ಹೋದವನು ಕಿರುಚಿಕೊಂಡು ಬಂದ: "ಅಕ್ಕಾ, ಕೆಂಪಗೆ ಹೋಗ್ತಿದೆ, ಆಸ್ಪತ್ರೆಗೆ ನಡಿ!" ಯಾರೂ ಕಾಫಿ ಲೋಟ ಕೆಳಗಿಡಲಿಲ್ಲ. ಅರ್ಧ ಗಂಟೆಗೆ ತಾನೇ ಬಚ್ಚಲಿನಿಂದ ಬಿಳುಚಿಕೊಂಡು ಹೊರಗೆ ಬಂದ. ಆಗ ಮಾವ ಹೇಳಿದರು: "ಮದ್ದು ಹಿಡಿದಿದೆ ಮಾರಾಯ."

ಬೆಂಗಳೂರಿನ ನಾದಿನಿ, "ಅತ್ತಿಗೆ, ಈಗೆಲ್ಲ ಬೇಬಿ ಲೆಡ್ ವೀನಿಂಗ್. ಮಗು ತಾನೇ ಕೈಯಲ್ಲಿ ಹಿಡಿದು ತಿನ್ನಬೇಕು" ಎಂದು ಎರಡು ವಿಡಿಯೋ ಕಳಿಸಿದಳು. ಪುತ್ತರಿಯ ದಿನ ಅದೂ ಆಯಿತು. ಅತ್ತೆ ಕಳಿತ ಬಾಳೆಹಣ್ಣನ್ನು ಕಿವುಚಿ, ಹುರಿದ ಅಕ್ಕಿಯ ಪುಡಿ ಕಲಸಿ, ತಂಬುಟ್ಟು ಮಾಡುತ್ತಿದ್ದರು. ನಾನು ನೋಡುತ್ತಾ ನಿಂತೆ. ಇದು ಮಗುವಿಗೆ ನಾಲ್ಕು ತಿಂಗಳಿಂದ ನಾನು ಕಿವುಚುತ್ತಿರುವ ಊಟವೇ! ಅದಕ್ಕೆ ತುಪ್ಪ, ಎಳ್ಳು, ತೆಂಗಿನ ತುರಿ ಹಾಕಿಕೊಂಡು ಹಲ್ಲಿರುವವರು ಹಬ್ಬ ಮಾಡುತ್ತಾರೆ. ತುಪ್ಪ ಎಳ್ಳು ಬೀಳುವ ಮೊದಲೇ ಒಂದು ಹಿಡಿ ಎತ್ತಿ ಮಗುವಿನ ಮುಂದಿಟ್ಟೆ. ಅರ್ಧ ಬಾಯಿಗೆ, ಅರ್ಧ ತಲೆಗೆ.

ಇಷ್ಟರಲ್ಲಿ ಮಾವನ ಜೇನಿನ ಕಥೆ ಹೇಳಲೇ ಇಲ್ಲ. ಜೇನಿಲ್ಲದ ಕೊಡಗು ಉಂಟೇ? ಹುಟ್ಟಿದ ದಿನದಿಂದ ನಾಲಿಗೆಗೊಂದು ತೊಟ್ಟು ಹಾಕಲು ಅವರು ಕಾಯುತ್ತಿದ್ದರು. ಜೇನಿನಲ್ಲಿ ಬಾಟ್ಯುಲಿಸಂ ರೋಗದ ಬೀಜಾಣು ಇರಬಹುದು, ವರ್ಷ ತುಂಬದ ಮಗುವಿನ ಕರುಳು ಅದನ್ನು ತಡೆಯದು, ಒಂದು ತೊಟ್ಟೂ ಕೂಡದು ಎಂದು ಡಾಕ್ಟರು ಖಡಾಖಂಡಿತ ಹೇಳಿದ ಮೇಲೆ, ಮುನಿಸಿಕೊಂಡು ಬಾಟಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದರು. ಜನವರಿಯಲ್ಲಿ ಮಗುವಿಗೆ ವರ್ಷ ತುಂಬಿತು. ಬೆಳಿಗ್ಗೆ ಆರಕ್ಕೇ ಸ್ನಾನ ಮಾಡಿ, ಬೀಗ ತೆಗೆದು, ಬೆರಳ ತುದಿಯಲ್ಲಿ ಅದ್ದಿ ನಾಲಿಗೆಗೆ ಸವರಿದರು.

ಮಗು ಥೂ ಎಂದು ಉಗಿಯಿತು. ಉಳಿದ ಜೇನನ್ನು ಮಾವನೇ ನೂಪುಟ್ಟಿನ ಜೊತೆ ನಾಲ್ಕು ದಿನದಲ್ಲಿ ಮುಗಿಸಿದರು.