ಪಾಯಿಂಟ್ ಪುರುಷೋತ್ತಮ

ಏಪ್ರಿಲ್ ತಿಂಗಳ ಬೆಂಗಳೂರಿನಲ್ಲಿ, ಬೀದಿನಾಯಿಗಳೂ ನೆರಳು ಹುಡುಕಿ ಕಾರಿನಡಿ ಸೇರಿಕೊಳ್ಳುವ ಹೊತ್ತಿನಲ್ಲಿ, ಇಂದಿರಾನಗರದ 12ನೇ ಮೇನ್‌ನಲ್ಲಿ ತೋಳಿಲ್ಲದ ಫ್ಲೀಸ್ ಜಾಕೆಟ್ ತೊಟ್ಟು, ಕೊರಳಿಗೆ ಆಫೀಸಿನ ಐಡಿ ಕಾರ್ಡು ನೇತುಹಾಕಿಕೊಂಡು ಕೋಲ್ಡ್ ಕಾಫಿ ಹೀರುತ್ತ ನಿಂತ ಯುವಕನನ್ನು ಕಂಡರೆ, ಪಾಪ ಜ್ವರವಿರಬೇಕು ಎಂದುಕೊಳ್ಳಬೇಡಿ. ಅವನು ಫೈನಾನ್ಸ್ ಹುಡುಗ. ಆ ಜಾಕೆಟ್ಟು ಇರುವುದು ಚಳಿಗಲ್ಲ, ಗುರುತಿಗೆ. ನ್ಯೂಯಾರ್ಕಿನ ಬ್ಯಾಂಕಿನವರೆಲ್ಲ ಅದನ್ನೇ ಸಮವಸ್ತ್ರ ಮಾಡಿಕೊಂಡದ್ದು ಎಷ್ಟು ಅತಿಯಾಯಿತೆಂದರೆ, 2019ರಲ್ಲಿ ಪ್ಯಾಟಗೋನಿಯಾ ಕಂಪನಿ, ಇನ್ನು ಮೇಲೆ ಪರಿಸರದ ಕಾಳಜಿ ಇರುವ ಸಂಸ್ಥೆಗಳ ಲಾಂಛನವನ್ನು ಜಾಕೆಟ್ಟಿನ ಮೇಲೆ ಹಾಕಿಕೊಡುವುದೇ ತನಗೆ ಮುಖ್ಯ ಎಂದು ಹೇಳಿ ಹಣಕಾಸಿನವರನ್ನು ನಯವಾಗಿ ಪಕ್ಕಕ್ಕೆ ಸರಿಸಿತು. ಬೇರೆಯವರಾಗಿದ್ದರೆ ನಾಚಿಕೊಳ್ಳುತ್ತಿದ್ದರು. ಇವರು ಬೇರೆ ಅಂಗಡಿಗೆ ಹೋದರು.

ಇವರೆಲ್ಲರ ವಿಷಯ ನನಗೇಕೆ ಎಂದರೆ, ಇವರಲ್ಲೊಬ್ಬ ನನ್ನ ಸೋದರಳಿಯ. ಉಡುಪಿಯ ನನ್ನ ತಂಗಿಯ ಮಗ. ಎಚ್‌ಎಸ್‌ಆರ್ ಲೇಔಟಿನಲ್ಲಿ ಬಾಡಿಗೆಗಿದ್ದಾನೆ. ಭಾನುವಾರ ಗಿರಿನಗರದ ನಮ್ಮ ಮನೆಗೆ ನೀರುದೋಸೆಗೆ ಬರುತ್ತಾನೆ.

ಅವನ ಕೆಲಸ ಏನೆಂದು ಅವನ ತಾಯಿಗೆ ಇನ್ನೂ ಗೊತ್ತಿಲ್ಲ. ಕೇಳಿದವರಿಗೆಲ್ಲ "ಬ್ಯಾಂಕಲ್ಲಿದ್ದಾನೆ" ಎನ್ನುತ್ತಾಳೆ. ಪಕ್ಕದ ಮನೆಯವರು ಅವನ ಬ್ರಾಂಚಿನಲ್ಲಿ ಲಾಕರ್ ಖಾಲಿ ಇದೆಯಾ ಎಂದು ವಿಚಾರಿಸಿದ್ದರು. "ಬ್ಯಾಂಕೇ ಮಾವ, ಆದ್ರೆ ಆ ಥರದ್ ಬ್ಯಾಂಕಲ್ಲ" ಎಂದ. ಡಿಪಾಸಿಟ್ಟು ತೆಗೆದುಕೊಳ್ಳದ, ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಕೊಡದ ಬ್ಯಾಂಕು ಎಂಥದ್ದು ಎಂದು, ಸರ್ಕಾರಿ ಬ್ಯಾಂಕಿನ ಕೌಂಟರಿನಲ್ಲಿ ಕೂದಲು ಹಣ್ಣು ಮಾಡಿಕೊಂಡ ನನಗೆ ಅರ್ಥವಾಗಲಿಲ್ಲ. ಮಧ್ಯಾಹ್ನ ಹೋಗುತ್ತಾನೆ, ನ್ಯೂಯಾರ್ಕಿನವರು ಎದ್ದು, ಹಲ್ಲುಜ್ಜಿ, ಮೀಟಿಂಗಿಗೆ ಕೂತು, ಸಾಕು ಎನ್ನುವವರೆಗೆ ಇರುತ್ತಾನೆ. ಮೌಸ್ ಮುಟ್ಟದೆ ಎಕ್ಸೆಲ್ ಓಡಿಸುತ್ತಾನೆ. ಅಮೆರಿಕದ ಯಾವುದೋ ಕಂಪನಿಯ ಬೆಲೆ ಎಷ್ಟೆಂದು ದಶಮಾಂಶದವರೆಗೆ ಹೇಳುತ್ತಾನೆ. ಬುದ್ಧಿವಂತನೇ, ಅನುಮಾನವಿಲ್ಲ, ಸಿಎ ಮುಗಿಸಿದವನು. ಒಳ್ಳೆಯವನು ಕೂಡ. ಊರಿಗೆ ಹೋದರೆ ಅಜ್ಜಿಯ ಕಾಲು ಒತ್ತಿಕೊಡುತ್ತಾನೆ. ಇಷ್ಟನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಇನ್ನು ಮುಂದೆ ಬಿಲ್ಲಿನ ವಿಷಯ ಬರುತ್ತದೆ.

ಹೋಟೆಲಿನಲ್ಲಿ ಬಿಲ್ಲು ಬಂದಾಗ ದೊಡ್ಡವರು ಜೇಬಿಗೆ ಕೈಹಾಕುವುದು, ಚಿಕ್ಕವರು "ಬೇಡ ಬೇಡ" ಎಂದು ತಡೆಯುವುದು, ಒಂದಷ್ಟು ಎಳೆದಾಟವಾಗಿ ಕೊನೆಗೆ ದೊಡ್ಡವರೇ ಕೊಡುವುದು ನಮ್ಮಲ್ಲಿ ನಡೆದುಬಂದ ಕ್ರಮ. ಇವನು ಆ ಕ್ರಮವನ್ನೇ ಕೆಡಿಸಿದ. ಕಳೆದ ಸಲ ತಂಗಿಯ ಹುಟ್ಟುಹಬ್ಬಕ್ಕೆ ಅವಳೂ ನನ್ನ ಅಮ್ಮನೂ ಉಡುಪಿಯಿಂದ ಬಂದಿದ್ದರು. "ಇವತ್ತು ನಾನು ಕರ್ಕೊಂಡ್ ಹೋಗ್ತೀನಿ" ಎಂದು ಮನೆಮಂದಿಯನ್ನೆಲ್ಲ ಹೊರಡಿಸಿದ. ಒಳಗೆ ಎಂಥ ಮಬ್ಬು ಬೆಳಕೆಂದರೆ ಅಮ್ಮ "ಕರೆಂಟು ಹೋಯ್ತಾ?" ಎಂದು ಕೇಳಿದರು. ಮೆನು ಕಾರ್ಡಿಲ್ಲ, ಫೋನಿನಲ್ಲಿ ಸ್ಕ್ಯಾನ್ ಮಾಡಬೇಕು. ಅಮ್ಮ ಬೆಲೆ ಕೇಳದೆ ಒಂದು ಲಿಂಬೆ ಶರಬತ್ತು ಹೇಳಿದರು. ನಾವೆಲ್ಲ ಅಗಲವಾದ ತಟ್ಟೆಗಳ ನಡುವೆ ಎಲ್ಲೋ ಇದ್ದ ತಿಂಡಿಯನ್ನು ಹುಡುಕಿ ತಿಂದೆವು.

ಬಿಲ್ಲು ಬಂತು. ನಾನು ರೂಢಿಯಂತೆ ಜೇಬಿಗೆ ಕೈಹಾಕಿದೆ. "ಮಾವ, ಪ್ಲೀಸ್" ಎಂದು ಕೈ ಅಡ್ಡ ಹಿಡಿದು, ಅವನು ಒಂದು ಲೋಹದ ಕ್ರೆಡಿಟ್ ಕಾರ್ಡು ತೆಗೆದು ತಟ್ಟೆಗೆ ಹಾಕಿದ. ಠಣ್ ಎಂದಿತು. ಪಕ್ಕದ ಮೇಜಿನವರು ತಿರುಗಿ ನೋಡಿದರು. ಅದು ಠಣ್ ಎನ್ನುವುದೇ ಅದಕ್ಕಾಗಿ ಎಂದು ಆಮೇಲೆ ತಿಳಿಯಿತು. ವೇಟರು ಬಾಗಿ "ಸರ್" ಎಂದ. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು "ನಮ್ಮ ಮಾಣಿ ದೊಡ್ಡವನಾದ" ಎಂದರು. ನನ್ನ ಗಂಟಲೂ ಕಟ್ಟಿತು.

ಕ್ಯಾಬಿನಲ್ಲಿ ಕೂತು ಇನ್ನೂ ಸಿಗ್ನಲ್ ದಾಟಿರಲಿಲ್ಲ, ಮನೆಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಎಕ್ಸೆಲ್ ಶೀಟು ಬಂದು ಬಿತ್ತು, ಜೊತೆಗೊಂದು ಕ್ಯೂಆರ್ ಕೋಡ್. ಯಾರು ಏನು ತಿಂದರು, ಯಾರ ಪಾಲು ಎಷ್ಟು, ಎಲ್ಲ ಸಾಲುಸಾಲಾಗಿ. ಕೊನೆಯ ಸಾಲಿನಲ್ಲಿ ಅಜ್ಜಿ: ಲಿಂಬೆ ಶರಬತ್ತು 240, ಸರ್ವಿಸ್ ಚಾರ್ಜ್ ಹತ್ತು ಪರ್ಸೆಂಟ್, ಅದರ ಮೇಲೆ ಜಿಎಸ್‌ಟಿ ಐದು, ಒಟ್ಟು 277 ರೂಪಾಯಿ 20 ಪೈಸೆ. "ಬೇಜಾರ್ ಮಾಡ್ಕೋಬೇಡಿ ಮಾವ. ನೀವು ಬೇರೆ ಬೇರೆ ಕೊಟ್ರೆ ಪಾಯಿಂಟ್ಸ್ ವೇಸ್ಟ್ ಆಗುತ್ತೆ. ಕಾರ್ಡ್ ನಂದು ಹಾಕಿದ್ರೆ ಪಾಯಿಂಟ್ಸ್ ಒಂದ್ ಕಡೆ ಬೀಳುತ್ತೆ." ಬಿದ್ದ ಕಡೆ ಯಾವುದೆಂದು ನಾನು ಕೇಳಲಿಲ್ಲ. ಸರ್ವಿಸ್ ಚಾರ್ಜನ್ನು ಬಿಲ್ಲಿಗೆ ತಾವಾಗಿ ಸೇರಿಸಕೂಡದು ಎಂದು ಕೇಂದ್ರದ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರಲ್ಲೇ ಹೇಳಿದೆಯಲ್ಲೋ, ತೆಗೆಸಬಹುದಿತ್ತಲ್ಲ ಎಂದದ್ದಕ್ಕೆ, "ಗೊತ್ತು ಮಾವ. ಆದ್ರೆ ಅಂಥ ಜಾಗದಲ್ಲಿ ಕೇಳೋದು ಚೆನ್ನಾಗಿರಲ್ಲ" ಎಂದ. ಅಜ್ಜಿಯ ಹತ್ತಿರ ಇಪ್ಪತ್ತು ಪೈಸೆ ಕೇಳುವುದು ಚೆನ್ನಾಗಿರುತ್ತದೆ.

ಅಮ್ಮನಿಗೆ ಹೇಳಿದಾಗ ಅವರು ಸೊಂಟದ ಸಂಚಿಯಿಂದ ಐನೂರರ ನೋಟು ತೆಗೆದು, "ಉಳಿದದ್ದು ಇಟ್ಕೋ ಮಗಾ, ಏನಾದ್ರೂ ತಿನ್ನು" ಎಂದು ಅವನ ಕೈಗಿತ್ತರು. ಇಟ್ಟುಕೊಂಡ! ಆ ಸಂಜೆ ಲಾಭದಲ್ಲಿ ಮನೆಗೆ ಹೋದವನು ಅವನೊಬ್ಬನೇ.

ಈ ಪಾಯಿಂಟುಗಳಿಗಾಗಿ ಅವನು ಮಾಡುವ ಖರ್ಚು ಬೇರೆಯೇ ಒಂದು ಶಾಸ್ತ್ರ. ಕಾರ್ಡಿನ ವಾರ್ಷಿಕ ಶುಲ್ಕ ಹತ್ತು ಸಾವಿರ. ಜಿಎಸ್‌ಟಿ ಸೇರಿ 11,800. ಅದಕ್ಕೆ ಪ್ರತಿಯಾಗಿ ವಿಮಾನ ನಿಲ್ದಾಣದ ಲೌಂಜಿನಲ್ಲಿ ಪುಕ್ಕಟೆ ಉಪ್ಪಿಟ್ಟು. ಬೆಂಗಳೂರಿನಿಂದ ಮಂಗಳೂರಿಗೆ ಹಾರಾಟ ಸುಮಾರು ಒಂದು ಗಂಟೆಯದು. ಇವನು ಲೌಂಜಿಗೆಂದು ಮೂರು ಗಂಟೆ ಮುಂಚೆಯೇ ದೇವನಹಳ್ಳಿ ಸೇರುತ್ತಾನೆ. ಒಮ್ಮೆ ನನ್ನನ್ನೂ ಕರೆದೊಯ್ದಿದ್ದ. ಪುಕ್ಕಟೆಯದ್ದೆಂದು ನಾನು ಉಪ್ಪಿಟ್ಟು ಮೂರು ಸಲ ಹಾಕಿಸಿಕೊಂಡೆ ಎಂದು ಊರಿಡೀ ಹೇಳಿದ್ದಾನೆ. ಎರಡೇ ಸಲ.

ಫೋನು "ನೋ ಕಾಸ್ಟ್ ಇಎಂಐ"ದು. ಶೂನ್ಯ ಬಡ್ಡಿ ಎಂಬುದು ಇಲ್ಲವೇ ಇಲ್ಲ, ಬಡ್ಡಿಯನ್ನು ಬೇರೆ ಹೆಸರಿನಲ್ಲಿ ಮುಚ್ಚಿಡುತ್ತಾರೆ ಎಂದು ರಿಸರ್ವ್ ಬ್ಯಾಂಕು 2013ರಲ್ಲೇ ಬ್ಯಾಂಕುಗಳಿಗೆ ಬರೆದಿತ್ತು. ಅಳಿಯನಿಗೂ ಇದು ತಿಳಿಯದ್ದಲ್ಲ, ಪರೀಕ್ಷೆಗೆ ಓದಿಕೊಂಡಿದ್ದಾನೆ. ಶೂಗಳಂತೂ ಮಳೆಗೆ ಹಾಕುವಂತಿಲ್ಲ, ಧೂಳಿಗೆ ಹಾಕುವಂತಿಲ್ಲ. ಬೆಂಗಳೂರಿನಲ್ಲಿ ಇವೆರಡೂ ಇಲ್ಲದ ರಸ್ತೆ ಸಿಕ್ಕರೆ ಹಾಕಿಕೊಳ್ಳುತ್ತಾನೆ. ಷೇರಿನ ವಹಿವಾಟಿಗೆ ಅವನ ಬ್ಯಾಂಕೇ ಕಟ್ಟುಪಾಡು ಹಾಕಿರುವುದರಿಂದ ಆ ಕಡೆಯ ನಷ್ಟವನ್ನು ಅವನ ರೂಮ್‌ಮೇಟ್ ವಹಿಸಿಕೊಂಡಿದ್ದಾನೆ. 2021-22ರಿಂದ ಮೂರು ವರ್ಷಗಳಲ್ಲಿ ಫ್ಯೂಚರ್ಸ್-ಆಪ್ಷನ್ಸ್‌ಗೆ ಇಳಿದ ಬಿಡಿ ವ್ಯಾಪಾರಿಗಳಲ್ಲಿ ನೂರಕ್ಕೆ 93 ಮಂದಿ ಕಳೆದುಕೊಂಡರು, ಒಟ್ಟು 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು ಎಂದು ಸೆಬಿಯೇ 2024ರಲ್ಲಿ ಲೆಕ್ಕ ಕೊಟ್ಟಿತು. ಪೇಪರು ತೋರಿಸಿದೆ. "ಉಳಿದ ಏಳು ಜನ ಇದಾರಲ್ಲ ಅಂಕಲ್, ಅದ್ರಲ್ಲಿ ನಾನಿರ್ತೀನಿ" ಎಂದ ಆ ಹುಡುಗ. ಆ ತಿಂಗಳ ಬಾಡಿಗೆಯನ್ನು ನಮ್ಮ ಅಳಿಯ ಒಬ್ಬನೇ ಕಟ್ಟಿದ.

ಇಷ್ಟೆಲ್ಲ ವೇಷ ಯಾರಿಗಾಗಿ? ಡೇಟಿಂಗ್ ಆ್ಯಪಿಗಾಗಿ. ಅದರಲ್ಲಿ ಇವನ ಫೋಟೋಗಳನ್ನು ನನ್ನ ಹೆಂಡತಿ ನೋಡಿದ್ದಾಳೆ. ಒಂದು ಲೌಂಜಿನಲ್ಲಿ, ಒಂದು ನಂದಿಬೆಟ್ಟದ ಸೂರ್ಯೋದಯಕ್ಕೆ ಬೆನ್ನು ಹಾಕಿ, ಒಂದು ನಾಯಿಯ ಜೊತೆ. ನಾಯಿ ಮನೆ ಮಾಲೀಕರದು. ಎತ್ತರ, ಊರು, ಓದು, ಕೆಲಸ ಎಲ್ಲ ಬರೆದಿದ್ದಾನೆ. ನಕ್ಷತ್ರವೊಂದು ಬಿಟ್ಟರೆ ನಾವು ಜಾತಕದ ಜೊತೆ ಕಳಿಸುತ್ತಿದ್ದ ಕಾಗದವೇ. ಯಾರು ಇವನನ್ನು ಮೆಚ್ಚಿದರೆಂದು ತಿಳಿಯಲು ತಿಂಗಳು ತಿಂಗಳು ದುಡ್ಡು ಕಟ್ಟುತ್ತಾನೆ. ನಮ್ಮ ಕಾಲದಲ್ಲಿ ಹೆಣ್ಣು ನೋಡಲು ಹೋದರೆ ಹುಡುಗಿ ತಲೆ ಎತ್ತದೆ ಕೂರುತ್ತಿದ್ದಳು. ಈಗ ಹುಡುಗಿ ಮಾತಾಡಿಸುತ್ತಾಳೇನೋ ಎಂದು ಹುಡುಗ ಫೋನಿನಿಂದ ತಲೆ ಎತ್ತದೆ ಕೂರುತ್ತಾನೆ.

ಕೊನೆಗೊಬ್ಬಳು ಮಾತಾಡಿಸಿದಳು. ಶಿವಮೊಗ್ಗದ ಹುಡುಗಿ, ಆಡಿಟ್ ಕೆಲಸದವಳು. ಕರೆದೊಯ್ದು ಕಾಫಿಯ ಬೀಜ ಯಾವ ಎಸ್ಟೇಟಿನದು ಎಂಬುದರಿಂದ ಹಿಡಿದು ತನ್ನ ಬೋನಸ್ಸಿನವರೆಗೆ ವಿವರಿಸಿದನಂತೆ. ಬಿಲ್ಲು ಬಂತು; ಕಾರ್ಡು ಠಣ್ ಎಂದಿತು. ಹುಡುಗಿ ಅದನ್ನೆತ್ತಿ, ಹಿಂದೆ ಮುಂದೆ ನೋಡಿ, "ತಿಂಗಳಿಗೆ ಪೂರ್ತಿ ಕಟ್ತೀರೋ, ಮಿನಿಮಮ್ ಡ್ಯೂ ಕಟ್ತೀರೋ?" ಎಂದು ಕೇಳಿದಳು.

ಆ ಭಾನುವಾರ ಅವನು ನೀರುದೋಸೆ ಮೂರಕ್ಕೇ ಸಾಕೆಂದ. ಅತ್ತೆ ಮೆಲ್ಲಗೆ ವಿಚಾರಿಸಿದಾಗ ಎಲ್ಲ ಹೊರಬಿತ್ತು. ಮಿನಿಮಮ್ಮೇ ಕಟ್ಟುತ್ತಿದ್ದ. ಬಾಕಿ ಒಂದು ಲಕ್ಷವಿದ್ದರೆ ಐದು ಪರ್ಸೆಂಟಿನಂತೆ ಐದು ಸಾವಿರ ಕಟ್ಟಬೇಕು. ತಿಂಗಳಿಗೆ ಮೂರೂವರೆ ಪರ್ಸೆಂಟ್ ಎಂದರೆ ಅದರಲ್ಲಿ 3,500 ಬಡ್ಡಿಗೆ ಹೋಯಿತು, ಬಡ್ಡಿಯ ಮೇಲಿನ ಜಿಎಸ್‌ಟಿಗೆ 630 ಹೋಯಿತು, ಅಸಲಿಗೆ ಸೇರಿದ್ದು 870. ಕಾಗದದ ಮೇಲೆ ಬರೆದು ತೋರಿಸಿದೆ. "ಗೊತ್ತು ಮಾವ" ಎಂದ. ಗೊತ್ತಿಲ್ಲದವನಿಗೆ ಬುದ್ಧಿ ಹೇಳಬಹುದು. ಗೊತ್ತಿದ್ದವನಿಗೆ ಇನ್ನೊಂದು ದೋಸೆ ಹಾಕಬಹುದು, ಅಷ್ಟೇ.

ಅವನು ಬಂದ ಊರಾದರೂ ಯಾವುದು! 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಬ್ಯಾಂಕು 1928ರಲ್ಲಿ ಪಿಗ್ಮಿ ಡಿಪಾಸಿಟ್ ಶುರುಮಾಡಿತು. ಬ್ಯಾಂಕಿನ ಏಜೆಂಟು ದಿನಾ ಮನೆ ಬಾಗಿಲಿಗೆ, ಅಂಗಡಿ ಬಾಗಿಲಿಗೆ ಬಂದು ಎರಡಾಣೆಯನ್ನಾದರೂ ಕೊಂಡುಹೋಗಿ ಜಮೆ ಮಾಡುತ್ತಿದ್ದ. ಮೀನು ಮಾರುವವಳೂ ಹೋಟೆಲ್ ಮಾಣಿಯೂ ಹಾಗೆ ಕೂಡಿಟ್ಟರು. ಈಗಲೂ ದಿನಾ ಯಾರೋ ಬಂದು ಅಳಿಯನ ಖಾತೆಯಿಂದ ಒಂದಿಷ್ಟು ಕೊಂಡುಹೋಗುತ್ತಾರೆ. ಇಂದು ಆ್ಯಪಿನದು, ನಾಳೆ ಜಿಮ್ಮಿನದು, ನಾಡಿದ್ದು ಫೋನಿನ ಕಂತು. ಜಮೆಯಾಗುವುದು ಬೇರೆಯವರ ಹೆಸರಿಗೆ.

ಹೀಗೆಂದು ಉಪದೇಶಕ್ಕೆ ಕೂತಿದ್ದಾಗ ಹೆಂಡತಿ ಕಪಾಟಿನಿಂದ ಒಂದು ಹಳೆಯ ಫೋಟೋ ತಂದು ಅಳಿಯನ ಮುಂದಿಟ್ಟಳು. ನನ್ನದೇ, ಸಂಬಂಧ ನೋಡುವ ಕಾಲದ್ದು. ಸ್ಟುಡಿಯೋದ ಪರದೆಯ ತಾಜಮಹಲಿನ ಮುಂದೆ, ಎಲ್ಲಿಗೂ ತಂತಿಯಿಲ್ಲದ ಟೆಲಿಫೋನಿನ ಪಕ್ಕ, ಬಲಗೈಯಿಂದ ಶರ್ಟಿನ ತೋಳು ಮೇಲೆಳೆದು ಎಡಗೈಯ ಎಚ್‌ಎಂಟಿ ಕಾಂಚನ ವಾಚನ್ನು ಕ್ಯಾಮೆರಾಕ್ಕೆ ತೋರಿಸುತ್ತ ನಿಂತಿದ್ದೇನೆ. ವಾಚು ಗೆಳೆಯನದು. "ಮದುವೆಯಾದ ಮೇಲೆ ವಾಚೆಲ್ಲಿ ಅಂತ ಕೇಳ್ದೆ. ರಿಪೇರಿಗೆ ಕೊಟ್ಟಿದೆ ಅಂದ್ರು. ಇವತ್ತಿನವರೆಗೂ ಬಂದಿಲ್ಲ" ಎಂದಳು. ಅಳಿಯ ನಕ್ಕ ನಗು ಬೀದಿಗೆ ಕೇಳಿಸಿತು.

ನಗಲಿ. ಆದರೆ ಒಂದು ವ್ಯತ್ಯಾಸವಿದೆ. ನನ್ನ ವೇಷ ಒಂದು ಫೋಟೋಕ್ಕೆ ಮುಗಿಯಿತು. ಸಂಜೆಗೆ ವಾಚು ಹಿಂದಿರುಗಿಸಿ, ಸೈಕಲ್ ತುಳಿದು ಮನೆಗೆ ಬಂದೆ. ಇವನಿಗೆ ವೇಷ ಕಳಚುವ ಹೊತ್ತೇ ಇಲ್ಲ. ಆಫೀಸಿನಲ್ಲಿ ಅಮೆರಿಕದವರ ಎದುರು, ಸಂಜೆ ವೇಟರಿನ ಎದುರು, ರಾತ್ರಿ ಫೋನಿನ ಎದುರು. ಊರು ಬಿಟ್ಟು ಬಂದು, ಯಾರ ಮಗ ಎಂದು ಯಾರಿಗೂ ಗೊತ್ತಿರದ ಊರಿನಲ್ಲಿ, ನಾನಿಂಥವನು ಎಂದು ಹೇಳಿಕೊಳ್ಳಲು ಅವನಿಗಿರುವುದು ಆ ಠಣ್ ಒಂದೇ ಏನೋ. ಅದಕ್ಕೆ ವರ್ಷಕ್ಕೆ ನಲವತ್ತು ಪರ್ಸೆಂಟಿನ ಮೇಲೆ ಬಡ್ಡಿ ಕೊಡುವಷ್ಟು ಒಂಟಿತನ ಬೇಕಾಗುತ್ತದೆ.

ಆ ಹುಡುಗಿ ಕೈಬಿಡಲಿಲ್ಲ ಎಂಬುದು ಸಂತೋಷದ ಸುದ್ದಿ. ಎರಡನೇ ಭೇಟಿಗೆ ಗಾಂಧಿಬಜಾರಿನ ವಿದ್ಯಾರ್ಥಿ ಭವನದ ಸಾಲಿನಲ್ಲಿ ಅವನನ್ನು ನಿಲ್ಲಿಸಿ, ಮಸಾಲೆ ದೋಸೆ ಬರುವುದರೊಳಗೆ ಮೂರು ಸಬ್‌ಸ್ಕ್ರಿಪ್ಷನ್ ರದ್ದು ಮಾಡಿಸಿದಳಂತೆ. ಕಾರ್ಡಿನ ಬಾಕಿಯನ್ನು ಅದರ ಮೂರನೇ ಒಂದು ಪಾಲು ಬಡ್ಡಿಯ ಸಾಲಕ್ಕೆ ಬದಲಾಯಿಸುವ ಯೋಚನೆಯೂ ಅವಳದೇ. ಬಿಲ್ಲು ಅವಳು ಕೊಟ್ಟಳು. ಮನೆಗೆ ಹೋಗುವಷ್ಟರಲ್ಲಿ ಇವನ ಪಾಲಿನ ಲೆಕ್ಕ ಕಳಿಸಿದಳು. ಅಮ್ಮನಿಗೆ ಫೋನಿನಲ್ಲಿ ಹೇಳಿದೆ. "ಹಾಗಾದ್ರೆ ಜಾತಕ ಬೇಡ, ಕೂಡಿಬಂತು" ಎಂದರು.

ಬರುವ ಭಾನುವಾರ ಆಕೆಯನ್ನು ನಮ್ಮ ಮನೆಗೆ ನೀರುದೋಸೆಗೆ ಕರೆದಿದ್ದೇವೆ. ಆಡಿಟ್ ಹುಡುಗಿ, ಎಲ್ಲವನ್ನೂ ನೋಡುವವಳು. ನಮ್ಮ ಅಂಚು ಒಡೆದ ತಟ್ಟೆಗಳಲ್ಲಿ ಬಡಿಸುವುದು ಚೆನ್ನಾಗಿರುವುದಿಲ್ಲ. ನಿನ್ನೆ ಅಂಗಡಿಗೆ ಹೋಗಿ ಬಂಗಾರದ ಗೆರೆಯ ಒಂದು ಡಿನ್ನರ್ ಸೆಟ್ಟು ನೋಡಿಟ್ಟು ಬಂದೆ. ನೋ ಕಾಸ್ಟ್ ಇಎಂಐ ಇದೆಯಂತೆ.