ಹುತಾತ್ಮನಿಗೆ ಹಾರ, ಕಾಡಿಗೆ ಬೆಂಕಿಪೊಟ್ಟಣ

ಸತ್ತವರನ್ನು ಗೌರವಿಸುವ ವಿದ್ಯೆ ನಮ್ಮ ದಕ್ಷಿಣ ಬೆಂಗಳೂರಿಗೆ ಕರಗತ. ಬೆಂಕಿ ಆರಿಸಲು ಹೋಗಿ ಯಾರೋ ಸತ್ತರಂತೆ ಎಂದರೆ ಸಾಕು, ಸಂಜೆಯೊಳಗೆ ಜಯನಗರದ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಎದ್ದಿರುತ್ತದೆ. ಅದರಲ್ಲಿ ಸತ್ತವನ ಮುಖ ಅಂಚೆಚೀಟಿಯಷ್ಟು. ಕಾರ್ಪೊರೇಟರ್ ಆಗಲು ಕಾದು ಕುಳಿತ ಅಣ್ಣನ ಮುಖ ಚಾಪೆಯಷ್ಟು. ನಗರದಲ್ಲಿ ಫ್ಲೆಕ್ಸ್ ನಿಷೇಧಿಸಿದ್ದು 2018ರಲ್ಲಿ. ಶ್ರದ್ಧಾಂಜಲಿಗೆ ವಿನಾಯಿತಿ ಇದ್ದಂತಿದೆ.

ಒಂದು ನಿಮಿಷದ ಮೌನ ಅರ್ಧಕ್ಕೇ ಮುಗಿಯುತ್ತದೆ. ಭಾಷಣಕ್ಕೆ ಆ ತೊಂದರೆ ಇಲ್ಲ.

ಯಾರಿಗಾಗಿ ಈ ಮೌನ ಸ್ವಾಮಿ? ಹೆಸರು ಕೇಳಿದರೆ ತಡವರಿಸುತ್ತಾರೆ. ನಾನೇ ಹೇಳುತ್ತೇನೆ. ಮುರಿಗೆಪ್ಪ. ಉತ್ತರ ಕರ್ನಾಟಕದ ಹುಡುಗ, ಬಂಡೀಪುರದಲ್ಲಿ ಅರಣ್ಯ ರಕ್ಷಕ. 2017ರ ಫೆಬ್ರುವರಿಯಲ್ಲಿ ಕಲ್ಕೆರೆ ವಲಯದಲ್ಲಿ ಕಾಳ್ಗಿಚ್ಚು ಆರಿಸುತ್ತಲೇ ಸತ್ತ. ಹಸಿ ಸೊಪ್ಪಿನ ಕೊಂಬೆ ಮುರಿದು ಬೆಂಕಿಗೆ ಬಡಿಯುವುದು ನಮ್ಮ ಕಾಡಿನ ಅಗ್ನಿಶಾಮಕ ತಂತ್ರಜ್ಞಾನ. ಆ ಕಾಡನ್ನು ಕಾಯುವ ರಾಜ್ಯದ ರಾಜಧಾನಿಗೆ ಐಟಿ ನಗರವೆಂದು ಹೆಸರು.

ಎರಡೇ ವರ್ಷ. 2019ರ ಫೆಬ್ರುವರಿಯಲ್ಲಿ ಬಂಡೀಪುರ ಮತ್ತೆ ಹೊತ್ತಿತು. ಸುಮಾರು ಹತ್ತು ಸಾವಿರ ಎಕರೆ ಬೂದಿ. ಆಗ ಬೆಂಗಳೂರು, ಮೈಸೂರುಗಳಿಂದ ಸ್ವಯಂಸೇವಕರು ಓಡಿದರು. ಸೊಪ್ಪು ಹಿಡಿದು ಹೊಗೆಯಲ್ಲಿ ನಿಂತ ಆ ಹುಡುಗ ಹುಡುಗಿಯರಿಗೆ ನನ್ನ ನಮಸ್ಕಾರ. ಅವರ ಮೇಲೆ ತಕರಾರಿಲ್ಲ. ತಕರಾರಿರುವುದು ಸೋಫಾದಲ್ಲಿ ಕೂತು ಅವರ ಫೋಟೊ ಫಾರ್ವರ್ಡ್ ಮಾಡಿ ತಾವೇ ಬೆಂಕಿ ಆರಿಸಿದಂತೆ ಬೆವರು ಒರೆಸಿಕೊಂಡವರ ಮೇಲೆ.

ಇನ್ನೊಬ್ಬನಿದ್ದಾನೆ. ಹಾಡಿಯಿಂದ ಬೇಸಿಗೆಗಷ್ಟೇ ಕರೆತರುವ ಫೈರ್ ವಾಚರ್. ಎಲ್ಲರಿಗಿಂತ ಮೊದಲು ಹೊಗೆ ನೋಡುವವನು, ಎಲ್ಲರಿಗಿಂತ ಕೊನೆಗೆ ಊಟ ಮಾಡುವವನು. ಕಾಗದದ ಮೇಲೆ ದಿನಗೂಲಿ. ಕೂಲಿ ತಿಂಗಳುಗಟ್ಟಲೆ ಬಾರದಿದ್ದರೆ ಅವನೂ ಸ್ವಯಂಸೇವಕನೇ ಬಿಡಿ. ಅವನಿಗೆ ಬೂಟು ಕೊಡಲು ಕಡತ ಓಡಾಡಬೇಕು. ಸತ್ತರೆ ಹಾರ ಕೊಳ್ಳಲು ಕಡತ ಬೇಡ.

2023ರ ಫೆಬ್ರುವರಿ. ಸಕಲೇಶಪುರದ ಕಾಡುಮನೆ ಬಳಿ ಕಿಚ್ಚು. ಅರಣ್ಯ ರಕ್ಷಕ ಸುಂದರೇಶ್ ತೀರಿಕೊಂಡರು. ಭಾಷಣ ಹೊಸದಾಗಿ ಬರೆಯಬೇಕಾಗಿರಲಿಲ್ಲ. ಮುರಿಗೆಪ್ಪನ ಹೆಸರು ಅಳಿಸಿದರೆ ಸಾಕಿತ್ತು.

ಬಂಡೀಪುರ ದೂರ ಅನ್ನುತ್ತೀರಾ? ಬನಶಂಕರಿ ಆರನೇ ಹಂತದ ಮಗ್ಗುಲಲ್ಲೇ ತುರಹಳ್ಳಿ ಕಾಡಿದೆ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡಹೊರಟಾಗ ಕಾಡು ಕಾಡಾಗಿಯೇ ಇರಲಿ ಎಂದು ಫಲಕ ಹಿಡಿದ ಊರು ಇದು. ಭೇಷ್. ಅದೇ ಊರಿನವರು ಅದೇ ಬಂಡೆ ಹತ್ತಿ ಬಿಯರ್ ಬಾಟಲಿ ಬಿಟ್ಟು, ಸಿಗರೇಟಿನ ತುಂಡನ್ನು ಒಣಹುಲ್ಲಿಗೆ ಎಸೆದು ಇಳಿಯುತ್ತಾರೆ. ಫಾರೆಸ್ಟ್ ಗಾರ್ಡ್ ತಡೆದರೆ "ನಾನು ಯಾರು ಗೊತ್ತಾ?" ಗೊತ್ತು ಸಾರ್. ಹೋದ ವಾರ ಮೇಣದಬತ್ತಿ ಹಿಡಿದಿದ್ದೀರಲ್ಲ.

ಜೆಪಿ ನಗರದಲ್ಲಿ ಉದುರಿದ ಎಲೆ ಗುಡಿಸಿ ಮರದ ಬುಡದಲ್ಲೇ ಕಡ್ಡಿ ಗೀರುತ್ತಾರೆ. ಬಿಟಿಎಂ ಲೇಔಟಿನ ಪಿಜಿ ಗಲ್ಲಿಗಳಲ್ಲಿ ಎರಡೂ ಬದಿ ಕಾರು. ನಾಳೆ ಬೆಂಕಿ ಬಿದ್ದರೆ ಅಗ್ನಿಶಾಮಕ ವಾಹನ ಗಲ್ಲಿಯ ಬಾಯಲ್ಲಿ ಹಾರ್ನ್ ಹೊಡೆಯುತ್ತ ನಿಲ್ಲಬೇಕು. ಪೈಪು ಹೊತ್ತು ಒಳಗೆ ಓಡುವವನಿಗೆ ಏನಾದರೂ ಆದರೆ? ಫ್ಲೆಕ್ಸ್ ಅಂಗಡಿ ಪಕ್ಕದಲ್ಲೇ ಇದೆ.

ಸೆಪ್ಟೆಂಬರ್ 11 ಅರಣ್ಯ ಹುತಾತ್ಮರ ದಿನ. 1730ರಲ್ಲಿ ರಾಜಸ್ಥಾನದ ಖೇಜಡ್ಲಿಯಲ್ಲಿ ಮರಗಳನ್ನು ಅಪ್ಪಿಕೊಂಡು ಪ್ರಾಣ ಕೊಟ್ಟ 363 ಮಂದಿ ಬಿಷ್ಣೋಯಿಗಳ ನೆನಪಿಗೆ. ಮಲ್ಲೇಶ್ವರದ ಅರಣ್ಯ ಭವನದಲ್ಲಿ ಅಂದು ನಮ್ಮ ರಾಜ್ಯದ ಹುತಾತ್ಮರ ಸ್ಮಾರಕಕ್ಕೆ ಹೂವಿಡುತ್ತಾರೆ. ಜಯನಗರದಿಂದ ಹಸಿರು ಮಾರ್ಗದ ಮೆಟ್ರೊ ಹತ್ತಿದರೆ ಸಂಪಿಗೆ ರಸ್ತೆಯವರೆಗೆ ನೇರ, ನಡುವೆ ರೈಲು ಬದಲಿಸುವ ಕಷ್ಟವೂ ಇಲ್ಲ. ಆದರೆ ಅಲ್ಲಿ ನಮಗೆ ಮೈಕ್ ಕೊಡುವುದಿಲ್ಲ.