ಗುಡ್ಡವಿಲ್ಲದ ಸೀಮೆಯಲ್ಲಿ ಹಿಮಾಲಯನ್

ರಾಯಚೂರಿನ ಯಾವ ಓಣಿಗೆ ಹೋದರೂ ಇಂಥವನೊಬ್ಬ ಸಿಗುತ್ತಾನೆ. ಸೋಮವಾರದಿಂದ ಶನಿವಾರದವರೆಗೆ ಬ್ಯಾಂಕಿನ ಕ್ಲರ್ಕೋ, ಶಕ್ತಿನಗರದ ಎಂಜಿನಿಯರೋ, ಬೀಜ-ಗೊಬ್ಬರದ ಅಂಗಡಿ ಸಾಹುಕಾರರ ಮಗನೋ ಆಗಿರುತ್ತಾನೆ. ಭಾನುವಾರ ಮಾತ್ರ ರೈಡರ್. ಅವತ್ತು ಮನೆಯವರು ಹೆಸರು ಹಿಡಿದು ಕರೆದರೂ ಹೆಲ್ಮೆಟ್ಟಿನೊಳಗೆ ಅದು ಕೇಳಿಸುವುದಿಲ್ಲ. "ಹೊಲಕ್ಕ ಹೋಗಿ ಬಾ ಅಂದ್ರ ಬಿಸಲು ಅಂತಾನ, ಈಗ ನೋಡು" ಎಂದು ಅವ್ವ ಬಾಗಿಲಲ್ಲಿ ನಿಂತು ಹೇಳಿದ್ದಂತೂ ಕೇಳಿಸುವ ಪ್ರಶ್ನೆಯೇ ಇಲ್ಲ.

ಗಾಡಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್. 2023ರ ಕೊನೆಗೆ ಬಂತಲ್ಲ, 452 ಸಿಸಿಯದು, 196 ಕಿಲೋ ತೂಗುವುದು, ಅದೇ. ರಾಯಚೂರಿನಲ್ಲಿ ಏರಲಿಕ್ಕಿರುವುದು ಕೋಟೆಯ ಗುಡ್ಡ, ಅದನ್ನು ಕಾಲಿನಿಂದಲೇ ಏರಬೇಕು. ಗಾಡಿಯ ಎರಡೂ ಬದಿಗೆ ಅಲ್ಯೂಮಿನಿಯಂ ಪೆಟ್ಟಿಗೆಗಳು. ಅವುಗಳಲ್ಲಿ ಏನಿದೆ ಎಂದು ಕೇಳಬಾರದು. ಏನೂ ಇಲ್ಲ. ಒಮ್ಮೆ ಹೆಂಡತಿ, "ಹೆಂಗೂ ಗದ್ವಾಲ ಮ್ಯಾಲೆ ಹೋಗ್ತೀರಿ, ಒಂದು ಸೀರಿ ತರ್ರಿ" ಎಂದಿದ್ದಳು. ಗದ್ವಾಲ ಸೀರೆಯೆಂದರೆ ಹತ್ತಿಯ ಒಡಲಿಗೆ ರೇಷ್ಮೆಯ ಅಂಚು-ಸೆರಗು ಕೂಡಿಸಿ ನೇಯುವಂಥದು. ಬೆಂಕಿಪೊಟ್ಟಣದಲ್ಲಿ ಮಡಚಿಡಬಹುದು ಎಂಬ ಖ್ಯಾತಿ ಅದಕ್ಕುಂಟು. ಇವನು ಗಂಭೀರವಾಗಿ ಹೇಳಿದ: "ಪೆಟಿಗ್ಯಾಗ ಏನೂ ಹಾಕೂ ಹಂಗಿಲ್ಲ. ಬ್ಯಾಲೆನ್ಸ್ ತಪ್ತದ."

ಬೆಳಿಗ್ಗೆ ಐದಕ್ಕೆ ಎಂದು ನಿಗದಿಯಾದ ಸವಾರಿ ಎಂಟಕ್ಕೆ ಹೊರಡುತ್ತದೆ. ನಮ್ಮ ಕಡೆ ಇರುವುದು ಎರಡೇ ಕಾಲ, ಬೇಸಿಗೆ ಮತ್ತು ಕಡುಬೇಸಿಗೆ. ಅಂಥದರಲ್ಲಿ ಹೆಗಲಿಗೆ, ಮೊಣಕೈಗೆ, ಬೆನ್ನಿಗೆ ಗಟ್ಟಿ ಪ್ಯಾಡ್ ಕೂಡಿಸಿದ ಕರಿ ಜಾಕೀಟು. ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದಲ್ಲಿ 8 ಘಟಕಗಳಿವೆ. ಇವನು ಅದರ ಮುಂದೆ ಹಾಯುವ ಹೊತ್ತಿಗೆ ಜಾಕೀಟಿನೊಳಗೆ ಒಂಬತ್ತನೆಯದು ಚಾಲೂ ಆಗಿರುತ್ತದೆ.

ಕೃಷ್ಣಾ ನದಿ ದಾಟಿದರೆ ತೆಲಂಗಾಣ. ನದಿಯ ಹೆಸರನ್ನೇ ಇಟ್ಟುಕೊಂಡ ಆ ಊರಿನ ಬಳಿ ಗಾಡಿ ನಿಲ್ಲಿಸಿ, ಹೆಲ್ಮೆಟ್ಟಿನ ಕ್ಯಾಮೆರಾಕ್ಕೆ ವರದಿ ಒಪ್ಪಿಸುತ್ತಾನೆ: "ಫ್ರೆಂಡ್ಸ್, ಬೇರೆ ರಾಜ್ಯಕ್ಕೆ ಎಂಟ್ರಿ ಆಗಿದೀವಿ. ಇಲ್ಲಿ ಭಾಷೆ ಬೇರೆ, ಜನ ಬೇರೆ, ಕಲ್ಚರ್ ಬೇರೆ..." ಹಿಂದಿನಿಂದ ಒಂದು ದನಿ ಬರುತ್ತದೆ: "ಅಣ್ಣಾ, ಗಾಡಿ ಜರಾ ಬಾಜೂ ಹಚ್ಚು, ಎಮ್ಮಿ ಹೋಗ್ಬೇಕು." ಈ ಹಳ್ಳಿಗಳಲ್ಲಿ ಕನ್ನಡ ಮಾಧ್ಯಮದ ಸರ್ಕಾರಿ ಶಾಲೆಗಳಿವೆ. ಎಮ್ಮೆಗೂ ಕನ್ನಡವೇ ತಿಳಿಯುತ್ತದೆ. ವಿಡಿಯೊದಲ್ಲಿ ಆ ತುಣುಕಿಗೆ ಮಾತ್ರ ಕತ್ತರಿ.

ಅಲ್ಲೇ ಸಮೀಪ ಮುಡುಮಾಲದ ಹೊಲಗಳಲ್ಲಿ ಸಾವಿರಾರು ವರ್ಷಗಳಿಂದ ನಿಂತ ಕಲ್ಲುಗಳಿವೆ. 2025ರಲ್ಲಿ ಯುನೆಸ್ಕೊದ ತಾತ್ಕಾಲಿಕ ಪಟ್ಟಿಗೂ ಸೇರಿದವು. ಇವನು ಅವುಗಳ ನಡುವೆ ಗಾಡಿಯ ಫೋಟೊ ತೆಗೆಯುವಷ್ಟು ಹೊತ್ತು ನಿಲ್ಲುತ್ತಾನೆ. ಮಖ್ತಲದಲ್ಲಿ ಒಗ್ಗರಣೆ-ಮಿರ್ಚಿ, ಜೂರಾಲ ಅಣೆಕಟ್ಟಿನ ಹತ್ತಿರ ಕರಿದ ಮೀನು, ಗದ್ವಾಲ ಕೋಟೆಯ ಮುಂದೆ ಸೋಡಾ. ಹೊಟ್ಟೆಯ ಮಟ್ಟಿಗೆ ಇವನ ಪ್ರವಾಸಜ್ಞಾನ ಪ್ರಶ್ನಾತೀತ.

ಅಲಂಪುರ ಬರುವ ಹೊತ್ತಿಗೆ ನೆತ್ತಿಯ ಮೇಲೆ ಸೂರ್ಯ. ತುಂಗಭದ್ರೆಯ ದಂಡೆಯಲ್ಲಿ ಬಾದಾಮಿ ಚಾಲುಕ್ಯರು ಕಟ್ಟಿಸಿದ ನವಬ್ರಹ್ಮ ದೇಗುಲಗಳು. ಹೆಸರು ಬ್ರಹ್ಮನದು, ಒಳಗಿರುವವನು ಶಿವ. ಆ ಪೈಕಿ ಸ್ವರ್ಗಬ್ರಹ್ಮ ವಿನಯಾದಿತ್ಯನ ಕಾಲದ್ದು, ಅಂದರೆ ಏಳನೆಯ ಶತಮಾನದ ಕೊನೆಯದು. ಗೋಡೆಯ ಶಿಲ್ಪಗಳ ಮುಂದೆ ಅರ್ಧ ದಿನ ಕಳೆಯಬಹುದು. ಆದರೆ ಬಂಡಿ ಒಳಗೆ ಬಿಡುವುದಿಲ್ಲವಾದ್ದರಿಂದ ಇವನಿಗೆ ಅಲ್ಲಿ ಕೆಲಸವಿಲ್ಲ. ಬಾದಾಮಿಯಿಂದ ಇಲ್ಲಿಗೆ ಮೊಣಕಾಲ ಪ್ಯಾಡಿಲ್ಲದೆ ಬಂದವರು ಒಂಬತ್ತು ಗುಡಿ ಬಿಟ್ಟು ಹೋದರು. ಇವನು ಬಿಟ್ಟದ್ದು ಒಂದು ರೀಲು, 'ನಲ್ಲಮಲದ ಮಡಿಲಲ್ಲಿ' ಎಂಬ ಅಡಿಬರಹದೊಂದಿಗೆ. ನಲ್ಲಮಲದ ಬೆಟ್ಟಸಾಲು ಇನ್ನೂ ದೂರ ಪೂರ್ವಕ್ಕಿದೆ. ರೀಲಿನಲ್ಲಿ ಕಾಣುತ್ತಿದ್ದುದು ಮೋಡ.

ವಾಪಸು ಬರುವಾಗ ಉಂಡವಳ್ಳಿಯ ಹತ್ತಿರ ಹೆದ್ದಾರಿ ಬದಿಯ ಚಹಾದಂಗಡಿ. ಇದು ಹಿಂದೆ 7 ಆಗಿದ್ದ, ಈಗ 44 ಎನಿಸಿಕೊಂಡ ರಾಷ್ಟ್ರೀಯ ಹೆದ್ದಾರಿ. ಒಂದು ತುದಿ ಶ್ರೀನಗರ, ಇನ್ನೊಂದು ಕನ್ಯಾಕುಮಾರಿ. ದೇಶವನ್ನು ಉದ್ದಕ್ಕೆ ಅಳೆಯಲು ಹೊರಟ ಬೈಕಿನವರನ್ನು ಕಂಡು ಕಂಡು ಇಲ್ಲಿಯವರಿಗೆ ರೂಢಿಯಾಗಿದೆ. ಧೂಳು, ಜಾಕೀಟು, ಪೆಟ್ಟಿಗೆ ನೋಡಿದ್ದೇ ಬೆಂಚಿನ ಮೇಲಿದ್ದವರು ಸರಿದು ಜಾಗ ಕೊಟ್ಟರು.

"ಕಾಶ್ಮೀರಾ?" ಎಂದು ಒಬ್ಬರು ಕೇಳಿದರು.

ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ದೂರಕ್ಕೆ ದೃಷ್ಟಿ ನೆಟ್ಟು ನಿಧಾನವಾಗಿ ಕೈಗವಸು ಬಿಚ್ಚಿದ. ಚಳಿಯ ಬಗ್ಗೆ ಕೇಳಿದಾಗ ಹುಬ್ಬೇರಿಸಿ ನಿಟ್ಟುಸಿರು ಬಿಟ್ಟ. ಅಂಗಡಿಯವ ಚಹಾದ ದುಡ್ಡು ಬೇಡವೆಂದ. ಇದೇ ವೈಭವದಲ್ಲಿ ಎದ್ದು ಹೋಗಿದ್ದರೆ ಆಗಿತ್ತು. ಇನ್ನೊಂದು ಚಹಾ ತರಿಸಿದ.

ಅಷ್ಟರಲ್ಲಿ ಮುದುಕರೊಬ್ಬರು ಗಾಡಿಯ ಹಿಂದೆ ಹೋಗಿ ಬಗ್ಗಿ ನೋಡಿದರು. ಎದ್ದು ನಿಂತಾಗ ಅವರ ತೆಲುಗು ಕನ್ನಡವಾಗಿತ್ತು.

"ಕೆಎ 36! ರಾಯಚೂರೇನಪಾ? ನಮ್ಮ ಮಗಳನ್ನ ಅಲ್ಲೇ ಕೊಟ್ಟೀವಲ್ಲ! ಗಂಜ್ ಹಿಂದೇ ಮನಿ. ಯಾವಾಗ ಮುಟ್ತಿ?"

"ಸಂಜಿಗೆ," ಎಂದ ಕಾಶ್ಮೀರದ ಸವಾರ, ಬೆಂಚಿನ ಕಡೆ ನೋಡದೆ.

"ಭಾಳ ಚಲೋ ಆತು. ಐದೇ ನಿಮಿಷ ಕುಂದ್ರು."

ಐದು ನಿಮಿಷ ಮುಕ್ಕಾಲು ಗಂಟೆಯಾಯಿತು. ಮುದುಕರು ಟಿವಿಎಸ್ ಎಕ್ಸೆಲ್ ಮೇಲೆ ಎರಡು ಚೀಲ ಹೇರಿಕೊಂಡು ಬಂದರು. ಪೆಟ್ಟಿಗೆ ತೆರೆಯಿಸಿದರು. ಹೊಚ್ಚ ಹೊಸ ಖಾಲಿ ಅಲ್ಯೂಮಿನಿಯಂ ಫಳಫಳ ಹೊಳೆಯಿತು. ಎಡಕ್ಕೆ ಶೇಂಗಾ ತುರುಕಿದರು, ಬಲಕ್ಕೆ ಜೋಳದ ಹಿಟ್ಟು. ಇವನು ಕೊನೆಯ ಅಸ್ತ್ರ ಬಿಟ್ಟ: "ಯಜಮಾನ್ರ, ಬ್ಯಾಲೆನ್ಸ್ ತಪ್ತದ."

"ತಪ್ಪಂಗಿಲ್ಲ. ತಕ್ಕಡ್ಯಾಗ ಇಟ್ಟು ತಂದೀನಿ. ಎರಡೂ ಐದೈದು ಕಿಲೋ."

ಆ ರಾತ್ರಿ ಗಂಜಿನ ಹಿಂದಿನ ಓಣಿಗಳಲ್ಲಿ ಒಬ್ಬ ರೈಡರ್ ಮನೆ ವಿಚಾರಿಸುತ್ತ ತಿರುಗಿದ್ದನ್ನು ಕಂಡವರಿದ್ದಾರೆ. ಹಿಟ್ಟು ಇಳಿಸಿಕೊಂಡ ಮಗಳು ನೀರು ಕೊಟ್ಟು, "ಮತ್ತ ಯಾವಾಗ ಹೋಗ್ತೀರಣ್ಣ? ಅಪ್ಪಗ ಗುಳಿಗಿ ಕಳಸೂದು ಅದ" ಎಂದಳಂತೆ. ಈಗ ತಿಂಗಳಿಗೊಮ್ಮೆ ಹೋಗುತ್ತಾನೆ. ಜಾಕೀಟು ಬಿಟ್ಟಿದ್ದಾನೆ, ಕ್ಯಾಮೆರಾ ಬಿಟ್ಟಿಲ್ಲ.

ನಿಮ್ಮ ಓಣಿಯಲ್ಲೂ ಇಂಥವನೊಬ್ಬ ಇದ್ದೇ ಇರುತ್ತಾನೆ. ಗದ್ವಾಲ, ಮಖ್ತಲ, ನಾರಾಯಣಪೇಟೆ ಕಡೆಯ ಬೀಗರಿಗೆ ಏನಾದರೂ ಕಳಿಸುವುದಿದ್ದರೆ ಶನಿವಾರ ರಾತ್ರಿಯೊಳಗೆ ಅವನ ಮನೆಗೆ ಮುಟ್ಟಿಸಿ. ತೂಕ ಮಾತ್ರ ಎರಡೂ ಕಡೆ ಸಮ ಇರಲಿ.